ಹೃದಯ ತುಂಬಿಕೊಳ್ಳುವ ಪಾಠ

ತರಗತಿ: 10. ವಿಷಯ: ವಿಜ್ಞಾನ. ಘಟಕ: ಜೀವಕ್ರಿಯೆಗಳು. ಉಪಘಟಕ: ರಕ್ತದೊತ್ತಡ ಮತ್ತು ಹೃದಯ. ಅವಧಿ: 40 ನಿಮಿಷಗಳ ಎರಡು ಪಾಠಗಳು.

ಈ ಬಾರಿಯ ಅಭ್ಯಾಸ ಬೋಧನೆಯಲ್ಲಿ ನಾನು ಒಂದೇ ಉಪಘಟಕವನ್ನು ಎರಡು ಸಲ ಬೋಧಿಸಬೇಕಾಯಿತು. ಮೊದಲ ಪಾಠಕ್ಕೆ ವೀಕ್ಷಣಾ ಹಾಳೆಯಲ್ಲಿ ಒಳ್ಳೆಯ ಅಂಕಗಳೇ ಬಂದಿದ್ದವು. ಪೀಠಿಕೆ ಚೆನ್ನಾಗಿದೆ, ಕಪ್ಪುಹಲಗೆಯ ಚಿತ್ರ ಸ್ಪಷ್ಟವಾಗಿದೆ, ಧ್ವನಿ ಹಿಂದಿನ ಬೆಂಚಿನವರೆಗೂ ತಲುಪುತ್ತದೆ ಎಂದು ಬರೆದಿದ್ದರು. ಆದರೆ ಆ ಪಾಠದಿಂದ ಮಕ್ಕಳು ಕಲಿತದ್ದು ನಾನು ಕಲಿಸಬೇಕೆಂದುಕೊಂಡದ್ದಕ್ಕೆ ತೀರ ವಿರುದ್ಧವಾಗಿತ್ತು. ವೀಕ್ಷಣಾ ಹಾಳೆಯಲ್ಲಿ ಅದನ್ನು ಗುರುತಿಸಲು ಒಂದು ಕಲಂ ಕೂಡ ಇಲ್ಲ. ಮುಂದಿನ ತಂಡದ ಪ್ರಶಿಕ್ಷಣಾರ್ಥಿಗಳಿಗೆ ಉಪಯೋಗವಾದೀತೆಂದು ಎರಡೂ ಪಾಠಗಳ ವಿವರವನ್ನು ಇಲ್ಲಿ ಕೊಟ್ಟಿದ್ದೇನೆ.

ಶಾಲೆ ತಿಪಟೂರು ಸೀಮೆಯ ಒಂದು ಹಳ್ಳಿಯದು. ಕಿಟಕಿಯಿಂದ ನೋಡಿದರೆ ತೆಂಗಿನ ತೋಟ. ತರಗತಿಯ ಬಹುಪಾಲು ಮಕ್ಕಳ ಮನೆಯ ಬದುಕು ತೆಂಗು, ಕೊಬ್ಬರಿಗಳ ಮೇಲೇ ನಿಂತಿದೆ. ಇದು ಮುಂದೆ ಪಾಠಕ್ಕೆ ಬೇಕಾಗುವ ಸಂಗತಿಯಾದ್ದರಿಂದ ಮೊದಲೇ ಹೇಳಿದೆ.

ಮೊದಲ ಪಾಠ ಮತ್ತು ಕೊನೆಯ ಬೆಂಚಿನ ಪ್ರಶ್ನೆ

ಹೃದಯದ ನಾಲ್ಕು ಕೋಣೆಗಳು, ಇಮ್ಮಡಿ ಪರಿಚಲನೆ, ನಂತರ ರಕ್ತದೊತ್ತಡ. ಪಠ್ಯಪುಸ್ತಕದಲ್ಲಿ ರಕ್ತದೊತ್ತಡದ ವಿಷಯ ಒಂದು ಚೌಕಟ್ಟಿನೊಳಗೆ ಮುಗಿಯುತ್ತದೆ. ಸಂಕೋಚನ ಒತ್ತಡ ಸುಮಾರು 120 ಮಿಲಿಮೀಟರ್ ಪಾದರಸ, ವ್ಯಾಕೋಚನ ಒತ್ತಡ 80. ಕಿರು ಅಪಧಮನಿಗಳು ಸಂಕುಚಿಸಿದರೆ ರಕ್ತದ ಹರಿವಿಗೆ ಅಡ್ಡಿಯಾಗಿ ಒತ್ತಡ ಹೆಚ್ಚುತ್ತದೆ, ಅಪಧಮನಿ ಒಡೆದು ಆಂತರಿಕ ರಕ್ತಸ್ರಾವ ಆಗಬಹುದು. ಅಷ್ಟೇ. ಒತ್ತಡ ಹೆಚ್ಚಿದಾಗ ಹೃದಯಕ್ಕೇ ಏನಾಗುತ್ತದೆ ಎಂಬುದು ಅಲ್ಲಿಲ್ಲ. ಪದವಿಯಲ್ಲಿ ಓದಿದ್ದ ನೆನಪಿನಿಂದ ನಾನು ಒಂದು ವಾಕ್ಯ ಸೇರಿಸಿದೆ: "ಬಿ.ಪಿ. ಬಹಳ ದಿನ ಹೆಚ್ಚಾಗಿಯೇ ಇದ್ದರೆ ಎಡ ಹೃತ್ಕುಕ್ಷಿಯ ಗೋಡೆ ದಪ್ಪವಾಗುತ್ತದೆ."

ಗಂಟೆ ಹೊಡೆಯಲು ಎರಡು ನಿಮಿಷ ಇದ್ದಾಗ ಕೊನೆಯ ಬೆಂಚಿನ ಹುಡುಗನೊಬ್ಬ ಎದ್ದು ನಿಂತ.

"ದಪ್ಪ ಆದ್ರೆ ಒಳ್ಳೇದೇ ಅಲ್ವಾ ಮಿಸ್? ಗಟ್ಟಿ ಆಯ್ತಲ್ಲ. ನಮ್ಮಪ್ಪಂಗೆ ಬಿ.ಪಿ. ಇತ್ತು. ಮಾತ್ರೆ ತಗೊಂಡ್ರು, ನಾರ್ಮಲ್ ಬಂತು, ಬಿಟ್ಬಿಟ್ರು. ಈಗ್ಲೂ ದಿನಕ್ಕೆ ಸಾವಿರ ಕಾಯಿ ಸುಲೀತಾರೆ."

"ಇಲ್ಲಪ್ಪ, ಹಾಗೆಲ್ಲ ಬಿಡಬಾರದು, ಅದು ಅಪಾಯ" ಎಂದೆ. "ಯಾಕೆ ಮಿಸ್?" ಎಂದ. ಗಂಟೆ ಹೊಡೆಯಿತು. ಗಂಟೆ ಹೊಡೆದದ್ದು ನನಗೆ ಆಗ ಸಮಾಧಾನವೇ ಆಯಿತು ಎಂದು ಒಪ್ಪಿಕೊಳ್ಳುತ್ತೇನೆ.

ಸಂಜೆ ಮಾರ್ಗದರ್ಶಕ ಶಿಕ್ಷಕಿಯವರ ಮುಂದೆ ಈ ಪ್ರಸಂಗ ಹೇಳಿದಾಗ ಅವರು ಹುಡುಗನನ್ನೇ ವಹಿಸಿಕೊಂಡರು. "ಅವನು ತಪ್ಪೇನು ಕೇಳಿದ? ಹೃತ್ಕರ್ಣಕ್ಕಿಂತ ಹೃತ್ಕುಕ್ಷಿಯ ಗೋಡೆ ದಪ್ಪ, ಯಾಕೆಂದರೆ ಅದು ರಕ್ತವನ್ನು ದೂರದ ಅಂಗಗಳಿಗೆ ತಳ್ಳಬೇಕು ಅಂತ ನೀನೇ ಹತ್ತು ನಿಮಿಷ ಹೇಳಿದೀಯಲ್ಲಮ್ಮ. ದಪ್ಪ ಅಂದರೆ ಬಲ ಅಂತ ಕಲಿಸಿದವಳು ನೀನು" ಎಂದರು. ನಾಳಿದ್ದು ಅದೇ ತರಗತಿಗೆ ಇನ್ನೊಂದು ಅವಧಿ ಬಿಟ್ಟುಕೊಡುವುದಾಗಿಯೂ ಹೇಳಿದರು.

ಹೃದಯವನ್ನು ನಾವೆಲ್ಲ ಪಂಪು ಎಂದೇ ಕಲಿಸುತ್ತೇವೆ. ಪಂಪು ಎಂದ ಕೂಡಲೇ ಮಕ್ಕಳ ಗಮನ ತಳ್ಳುವ ಕಡೆಗೆ ಹೋಗುತ್ತದೆ. ಅಧಿಕ ರಕ್ತದೊತ್ತಡದಿಂದ ಹೃದಯಕ್ಕಾಗುವ ಹಾನಿ ಸಾಮಾನ್ಯವಾಗಿ ಶುರುವಾಗುವುದು ತಳ್ಳುವ ಕೆಲಸದಲ್ಲಲ್ಲ, ತುಂಬಿಕೊಳ್ಳುವ ಕೆಲಸದಲ್ಲಿ. ಎರಡನೆಯ ಪಾಠವನ್ನು ಈ ಒಂದು ಅಂಶದ ಮೇಲೆ ಕಟ್ಟಿದೆ. ಪಾಠಯೋಜನೆಯಲ್ಲಿ ಮೊದಲು ಬರೆದಿದ್ದ ಏಳು ನಿರ್ದಿಷ್ಟ ಉದ್ದೇಶಗಳಲ್ಲಿ ಐದನ್ನು ಹೊಡೆದುಹಾಕಿದೆ.

ಗೋಡೆಯ ಮೇಲಿನ ಗೆರೆಗಳು

ಮಿಲಿಮೀಟರ್ ಪಾದರಸ ಎಂದರೆ ಮಕ್ಕಳಿಗೆ ಏನೂ ಕಾಣುವುದಿಲ್ಲ. 120 ಎಂಬುದು ಅವರಿಗೆ ಬರಿಯ ಸಂಖ್ಯೆ. ಆದ್ದರಿಂದ ಪಾದರಸವನ್ನು ನೀರಿಗೆ ಬದಲಾಯಿಸಿಕೊಂಡೆವು. ಪಾದರಸ ನೀರಿಗಿಂತ 13.6 ಪಟ್ಟು ಸಾಂದ್ರ. 120 ಮಿಲಿಮೀಟರನ್ನು 13.6ರಿಂದ ಗುಣಿಸಿದರೆ 1632 ಮಿಲಿಮೀಟರ್, ಅಂದರೆ 163 ಸೆಂಟಿಮೀಟರ್ ನೀರು. ಮಕ್ಕಳೇ ಲೆಕ್ಕ ಮಾಡಿ ಗೋಡೆಯ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದರು. 80ಕ್ಕೆ 109 ಸೆಂಟಿಮೀಟರ್, ಡೆಸ್ಕಿಗಿಂತ ಸ್ವಲ್ಪ ಮೇಲೆ. 120ಕ್ಕೆ 163, ಹೆಚ್ಚುಕಡಿಮೆ ನನ್ನ ಎತ್ತರ. 140ಕ್ಕೆ 190. 160ಕ್ಕೆ 218, ನಮ್ಮ ತರಗತಿಯ ಏಳಡಿ ಬಾಗಿಲಿನ ಪಟ್ಟಿಗಿಂತ ಐದು ಸೆಂಟಿಮೀಟರ್ ಮೇಲೆ. ಕೊನೆಯ ಗೆರೆ ಎಳೆಯಲು ಸ್ಟೂಲು ಬೇಕಾಯಿತು. ಸ್ಟೂಲು ತರಲು ಹೋದವನು ಬರುವಷ್ಟರಲ್ಲಿ ಐದು ನಿಮಿಷ ಹೋಯಿತು. ಇದನ್ನು ಮಾಡುವವರು ಮೊದಲೇ ತಂದಿಟ್ಟುಕೊಳ್ಳಿ.

ಒತ್ತಡವನ್ನು ಹೀಗೆ ಎತ್ತರವಾಗಿ ನೋಡುವುದು ಹೊಸ ಉಪಾಯವೇನಲ್ಲ. ಇಂಗ್ಲೆಂಡಿನ ಪಾದ್ರಿ ಸ್ಟೀಫನ್ ಹೇಲ್ಸ್ ಹೆಣ್ಣು ಕುದುರೆಯೊಂದರ ಅಪಧಮನಿಗೆ ಉದ್ದನೆಯ ಗಾಜಿನ ಕೊಳವೆ ಜೋಡಿಸಿ, ರಕ್ತ 8 ಅಡಿ 3 ಅಂಗುಲ ಎತ್ತರಕ್ಕೆ ಏರಿದ್ದನ್ನು ಅಳೆದಿದ್ದ. ಅದನ್ನು 1733ರಲ್ಲಿ ಪ್ರಕಟಿಸಿದ. ಇವತ್ತು ಆರೋಗ್ಯ ಕೇಂದ್ರದಲ್ಲಿ ತೋಳಿಗೆ ಸುತ್ತುವ ಪಟ್ಟಿ ಬಂದದ್ದು 1896ರಲ್ಲಿ, ಇಟಲಿಯ ರಿವಾ-ರೊಚ್ಚಿಯಿಂದ. ಸ್ಟೆತಾಸ್ಕೋಪಿನಲ್ಲಿ ಶಬ್ದ ಕೇಳಿ ಎರಡೂ ಅಂಕಿಗಳನ್ನು ಗುರುತಿಸುವ ಕ್ರಮವನ್ನು 1905ರಲ್ಲಿ ರಷ್ಯಾದ ಕೊರೊಟ್ಕಾಫ್ ಹೇಳಿಕೊಟ್ಟ. ಕುದುರೆಯ ಕಥೆ ಮಕ್ಕಳಿಗೆ ಹಿಡಿಸಿತು. ಉಳಿದೆರಡನ್ನು ಬಿಟ್ಟಿದ್ದರೂ ನಡೆಯುತ್ತಿತ್ತು.

ಬೋಧನೋಪಕರಣ ಎಂದರೆ ಗಾರೆ ಕೆಲಸದವರು ಮಟ್ಟ ನೋಡಲು ಬಳಸುವ ಪಾರದರ್ಶಕ ಪೈಪು, ಅರ್ಧ ಲೀಟರಿನ ಪ್ಲಾಸ್ಟಿಕ್ ನೀರಿನ ಬಾಟಲಿ, ಎಂ-ಸೀಲ್, ಕುಂಕುಮ ಕದಡಿದ ನೀರು. ಬಾಟಲಿಯ ಮುಚ್ಚಳಕ್ಕೆ ತೂತು ಕೊರೆದು ಪೈಪಿನ ತುದಿ ನೀರೊಳಗೆ ಮುಳುಗುವಂತೆ ತೂರಿಸಿ, ಸುತ್ತಲೂ ಎಂ-ಸೀಲ್ ಮೆತ್ತಿದೆ. ಬಾಟಲಿಯ ತುಂಬ ಬಣ್ಣದ ನೀರು. ಪೈಪನ್ನು ಗೋಡೆಗೆ ಟೇಪಿನಿಂದ ಅಂಟಿಸಿ ಬಾಟಲಿಯನ್ನು ನೆಲದ ಮೇಲೆ ಇಟ್ಟೆ. ಬಾಟಲಿಯನ್ನು ಹಿಂಡಿದರೆ ನೀರು ಪೈಪಿನಲ್ಲಿ ಏರುತ್ತದೆ, ಬಿಟ್ಟರೆ ಇಳಿಯುತ್ತದೆ.

ಒಬ್ಬ ಹುಡುಗಿ ಕುಳಿತು 163ರ ಗೆರೆಗೆ ನೀರು ಮುಟ್ಟುವಂತೆ ಹಿಂಡಿ ಬಿಡತೊಡಗಿದಳು. ಉಳಿದವರು ಎಣಿಸಿದರು. ಒಂದು ನಿಮಿಷಕ್ಕೆ ನಲವತ್ತು ಸಲ ಆಯಿತು. "ನಿನ್ನ ಹೃದಯ ಇದನ್ನು ನಿಮಿಷಕ್ಕೆ 72 ಸಲ ಮಾಡುತ್ತೆ, ದಿನಕ್ಕೆ ಒಂದು ಲಕ್ಷಕ್ಕೂ ಮಿಕ್ಕಿ" ಎಂದೆ. ಆಮೇಲೆ ಬಾಗಿಲ ಪಟ್ಟಿಯ ಮೇಲಿನ 218ರ ಗೆರೆಗೆ ಏರಿಸಲು ಹೇಳಿದೆ. ಹದಿನೈದಕ್ಕೆ ಅಂಗೈ ಕೆಂಪಾಯಿತು. ಎರಡೂ ಕೈ ಹಾಕಿದಳು.

ಆಗ ಮುಂದಿನ ಸಾಲಿನ ಒಬ್ಬ ಹೇಳಿದ ಮಾತು ನನ್ನ ಪಾಠಯೋಜನೆಯಲ್ಲಿ ಇರಲಿಲ್ಲ. "ಮಿಸ್, ಅವಳು ಪೂರ್ತಿ ಬಿಡ್ತಾನೇ ಇಲ್ಲ. ಬಾಟ್ಲಿ ಅರ್ಧ ಅಮುಕಿದ ಹಂಗೇ ಐತೆ." ನಿಜ. ಕೈ ಸೋತ ಮೇಲೆ ಅವಳ ಬೆರಳು ಪೂರ್ತಿ ಬಿಚ್ಚುತ್ತಿರಲಿಲ್ಲ. ಬಾಟಲಿ ಪೂರ್ತಿ ಉಬ್ಬುತ್ತಿರಲಿಲ್ಲ, ಪೈಪಿನ ನೀರು ಪೂರ್ತಿ ವಾಪಸು ಬರುತ್ತಿರಲಿಲ್ಲ. ಪಾಠದ ಮುಖ್ಯ ಬಿಂದುವಿಗೆ ನನಗಿಂತ ಮೊದಲು ಅವನು ಬಂದಿದ್ದ.

ಇದೇ ಘಟಕದಲ್ಲಿ ಉಸಿರಾಟದ ಭಾಗದಲ್ಲಿ ಮಕ್ಕಳು ಎಟಿಪಿಯನ್ನು ಕಲಿತಿರುತ್ತಾರೆ. ಸ್ನಾಯು ಸಂಕುಚಿಸಲು ಮಾತ್ರವಲ್ಲ, ಸಡಿಲಗೊಳ್ಳಲೂ ಎಟಿಪಿ ಬೇಕು ಎಂಬುದನ್ನು ಇಲ್ಲಿಯೇ ಜೋಡಿಸಬಹುದು. ಸಂಕೋಚನಕ್ಕಾಗಿ ಜೀವಕೋಶದೊಳಗೆ ಬಿಡುಗಡೆಯಾದ ಕ್ಯಾಲ್ಸಿಯಂ ಅಯಾನುಗಳನ್ನು ಮರಳಿ ಒಳಕೋಣೆಗೆ ಸೇರಿಸಬೇಕು. ಅದಕ್ಕೆ ಶಕ್ತಿ ಖರ್ಚಾಗುತ್ತದೆ. ಹೃದಯದ ವಿಶ್ರಾಂತಿಯೂ ಒಂದು ಕೆಲಸವೇ ಎಂದಾಗ ತರಗತಿಯಲ್ಲಿ ಒಂದು ಕ್ಷಣ ಸದ್ದಿರಲಿಲ್ಲ.

ಉಪಕರಣದ ಮಿತಿಯನ್ನೂ ಹೇಳಬೇಕು. ಇದರಲ್ಲಿ ನೀರು ತಳಕ್ಕೇ ಇಳಿಯುತ್ತದೆ. ದೇಹದಲ್ಲಿ ಹಾಗಾಗುವುದಿಲ್ಲ, ಹೃದಯ ಸಡಿಲಗೊಂಡಾಗಲೂ ಅಪಧಮನಿಗಳ ಗೋಡೆ ಹಿಗ್ಗಿ ಕುಗ್ಗಿ ಒತ್ತಡವನ್ನು 80ರ ಆಸುಪಾಸಿನಲ್ಲಿ ಹಿಡಿದಿಡುತ್ತದೆ. ಮಹಾಪಧಮನಿಯ ಕವಾಟ ಹೊರಹೋದ ರಕ್ತವನ್ನು ವಾಪಸು ಬಿಡುವುದಿಲ್ಲ, ಹೃದಯ ತುಂಬುವುದು ಬೇರೆ ಬಾಗಿಲಿನಿಂದ. ವೀಕ್ಷಣೆಗೆ ಕುಳಿತಿದ್ದ ನನ್ನ ಸಹಪಾಠಿ ಇದನ್ನು ಸರಿಯಾಗಿಯೇ ಎತ್ತಿ ತೋರಿಸಿದಳು. ನಾನು ತರಗತಿಯಲ್ಲಿ ಹೇಳಲು ಮರೆತಿದ್ದೆ.

ಎಳನೀರು ಮತ್ತು ಬಲಿತ ಕಾಯಿ

ಈಗ ಹುಡುಗನ ಪ್ರಶ್ನೆ. ದಪ್ಪವಾದರೆ ಒಳ್ಳೆಯದಲ್ಲವೆ?

ಮೊದಲು ಯಾಕೆ ದಪ್ಪವಾಗುತ್ತದೆ ಎಂದು ನೋಡಿದೆವು. ಒಳಗಿನ ಒತ್ತಡ ಹೆಚ್ಚಿದರೆ ಗೋಡೆಯ ಪ್ರತಿ ಎಳೆಯ ಮೇಲೂ ಬೀಳುವ ಬಿಗಿತ ಹೆಚ್ಚುತ್ತದೆ. ಗೋಡೆ ದಪ್ಪವಾದರೆ ಅದೇ ಹೊರೆ ಹೆಚ್ಚು ಎಳೆಗಳಿಗೆ ಹಂಚಿಹೋಗುತ್ತದೆ. ಫ್ರಾನ್ಸಿನ ಗಣಿತಜ್ಞ ಲಾಪ್ಲಾಸನ ಹೆಸರಿನ ನಿಯಮ ಇದು: ಬಿಗಿತವು ಒತ್ತಡಕ್ಕೂ ತ್ರಿಜ್ಯಕ್ಕೂ ನೇರ ಅನುಪಾತದಲ್ಲಿ, ದಪ್ಪಕ್ಕೆ ವಿಲೋಮ ಅನುಪಾತದಲ್ಲಿ ಇರುತ್ತದೆ. ಹಾಗಾಗಿ ಮೊದಮೊದಲು ದಪ್ಪವಾಗುವುದು ಹೃದಯ ಮಾಡಿಕೊಳ್ಳುವ ಹೊಂದಾಣಿಕೆಯೇ. ಈ ಮಟ್ಟಿಗೆ ಹುಡುಗನ ಮಾತು ಸರಿ ಎಂದು ಅವನಿಗೆ ಹೇಳಿದೆ. ಸರಿ ಇರುವಷ್ಟನ್ನು ಸರಿ ಎನ್ನದೆ ಮುಂದಿನದನ್ನು ತಿದ್ದಲು ಆಗುವುದಿಲ್ಲ.

ದೊಡ್ಡವರಲ್ಲಿ ಹೃದಯದ ಸ್ನಾಯುಕೋಶಗಳ ಸಂಖ್ಯೆ ಹೆಚ್ಚುವುದು ನಗಣ್ಯ. ಇರುವ ಕೋಶಗಳೇ ಒಂದೊಂದೂ ದಪ್ಪವಾಗುತ್ತವೆ. ಅವುಗಳ ನಡುವೆ ನಾರಿನಂಥ ಕೊಲಾಜೆನ್ ಅಂಗಾಂಶವೂ ಸೇರಿಕೊಳ್ಳುತ್ತದೆ. ಸ್ನಾಯು ಬೆಳೆದಷ್ಟು ಅದಕ್ಕೆ ರಕ್ತ ಕೊಡುವ ಲೋಮನಾಳಗಳು ಬೆಳೆಯುವುದಿಲ್ಲ. ಸಾಮಾನ್ಯವಾಗಿ ಒಂದು ಸೆಂಟಿಮೀಟರ್ ಆಸುಪಾಸಿನಲ್ಲಿರುವ ಎಡ ಹೃತ್ಕುಕ್ಷಿಯ ಗೋಡೆ 13, 14 ಮಿಲಿಮೀಟರ್ ಆಗಬಹುದು. ನಾಲ್ಕು ಮಿಲಿಮೀಟರ್ ಅಂದರೆ ಏನು ಮಹಾ ಎಂದು ಮಕ್ಕಳಿಗೆ ಅನಿಸುತ್ತದೆ. ಆಗ ಮೇಜಿನ ಕೆಳಗಿದ್ದ ಎರಡು ಕಾಯಿಗಳನ್ನು ಹೊರಗೆ ತೆಗೆದೆ. ಒಂದು ತೆಳು ಗಂಜಿಯ ಎಳನೀರು, ಇನ್ನೊಂದು ಬಲಿತ ಕಾಯಿ.

ಎರಡರ ಚಿಪ್ಪಿನ ಗಾತ್ರ ಹತ್ತಿರ ಹತ್ತಿರ ಒಂದೇ. ಎಳನೀರಿನ ನೀರನ್ನು ಅಳತೆಯ ಜಾಡಿಗೆ ಸುರಿದೆವು, ಬಲಿತ ಕಾಯಿಯದನ್ನೂ ಸುರಿದೆವು. ವ್ಯತ್ಯಾಸ ಕಣ್ಣಿಗೇ ಕಂಡಿತು. ಚಿಪ್ಪು ಬೆಳೆಯದೆ ಒಳಗಿನ ಪದರ ದಪ್ಪವಾದರೆ ಜಾಗ ಎಲ್ಲಿಂದ ಬರಬೇಕು? ಒಳಗಿನಿಂದಲೇ. ಆಮೇಲೆ ಬೆರಳಿಂದ ಒತ್ತಿ ನೋಡಲು ಹೇಳಿದೆ. ಎಳೆಯ ಗಂಜಿ ಬಗ್ಗುತ್ತದೆ, ಬಲಿತ ಕಾಯಿ ಬಗ್ಗುವುದಿಲ್ಲ. ಬಿ.ಪಿ.ಯ ಹೊರೆ ಹೊತ್ತ ಹೃತ್ಕುಕ್ಷಿಗೂ ಆಗುವುದು ಈ ಎರಡೇ: ಒಳಗೆ ಜಾಗ ಕಡಿಮೆ, ಗೋಡೆ ಬಿರುಸು. ಅದು ತಳ್ಳಬಲ್ಲದು, ಆದರೆ ತಳ್ಳಲು ಬೇಕಾದಷ್ಟು ತುಂಬಿಕೊಳ್ಳಲಾರದು.

ಒಬ್ಬ ಹುಡುಗ ಗರಡಿಮನೆಯ ಪ್ರಶ್ನೆ ತಂದ. ಸಾಮು ಮಾಡುವವರ, ಓಟಗಾರರ ಹೃದಯವೂ ದಪ್ಪವಾಗುತ್ತದಂತಲ್ಲ? ಆಗುತ್ತದೆ. ದೂರದ ಓಟಗಾರರಲ್ಲಿ ಗೋಡೆಯ ಜೊತೆಗೆ ಒಳಗಿನ ಕೋಣೆಯೂ ಹಿಗ್ಗುತ್ತದೆ, ಸಡಿಲಗೊಳ್ಳುವ ಗುಣ ಹಾಗೇ ಉಳಿಯುತ್ತದೆ. ಅವರು ದಿನಕ್ಕೆ ಒಂದೆರಡು ಗಂಟೆ ಹೊರೆ ಹಾಕಿ ಉಳಿದ ಹೊತ್ತು ಇಳಿಸುತ್ತಾರೆ. ಬಿ.ಪಿ.ಯ ಹೊರೆಗೆ ರಜೆ ಇಲ್ಲ, ಮಲಗಿದಾಗಲೂ ಅದು ಇದ್ದೇ ಇರುತ್ತದೆ.

ಹಲಗೆಯ ಮೇಲಿನ ಲೆಕ್ಕ

ಇಲ್ಲಿ ಹಲಗೆಯ ಮೇಲೆ ಒಂದು ಲೆಕ್ಕ ಮಾಡಿದೆವು. ಅಂಕಿಗಳು ಪಾಠಕ್ಕೆಂದು ನಾನೇ ಹಾಕಿಕೊಂಡವು, ಯಾವ ರೋಗಿಯವೂ ಅಲ್ಲ ಎಂದು ಮೊದಲೇ ಹೇಳಿದೆ.

ಮೃದುವಾದ ಹೃತ್ಕುಕ್ಷಿ 120 ಮಿಲಿಲೀಟರ್ ತುಂಬಿಕೊಂಡು 70 ಮಿಲಿಲೀಟರ್ ಹೊರಗೆ ತಳ್ಳಿತು ಎನ್ನಿ. ಶೇಕಡ 58. ಬಿರುಸಾದ ಹೃತ್ಕುಕ್ಷಿ 85 ತುಂಬಿಕೊಂಡು 50 ತಳ್ಳಿತು. ಶೇಕಡ 59. ಮಕ್ಕಳು ಲೆಕ್ಕ ತಪ್ಪಾಯಿತೇನೋ ಎಂದು ಮತ್ತೆ ಮಾಡಿದರು. ತಪ್ಪಿಲ್ಲ. ನಿಮಿಷಕ್ಕೆ 72 ಬಡಿತವಾದರೆ ಮೊದಲನೆಯದು ಐದು ಲೀಟರ್ ಕೊಡುತ್ತದೆ, ಎರಡನೆಯದು 3.6 ಲೀಟರ್. ಶೇಕಡಾವಾರು ಒಂದೇ, ಸಿಗುವ ರಕ್ತ ಬೇರೆ.

ಎಕೋ ಪರೀಕ್ಷೆಯ ವರದಿಯಲ್ಲಿ ಇ.ಎಫ್. ಎಂದು ಬರುವ ಅಂಕಿ ಇದೇ ಶೇಕಡಾವಾರು. ಅದು 60 ಇದೆ, ಹೃದಯ ಚೆನ್ನಾಗಿದೆ ಎಂದು ಮನೆಯವರು ಸಮಾಧಾನಪಟ್ಟುಕೊಳ್ಳುವುದುಂಟು. ಆದರೂ ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ. ಇ.ಎಫ್. ಸರಿಯಾಗಿದ್ದೂ ಹೃದಯ ವೈಫಲ್ಯ ಇರಬಹುದು ಎಂಬುದನ್ನು ವೈದ್ಯಶಾಸ್ತ್ರ ಈಗ ಪ್ರತ್ಯೇಕ ಬಗೆಯಾಗಿಯೇ ಗುರುತಿಸುತ್ತದೆ. ಹಳೆಯ ಅಧಿಕ ರಕ್ತದೊತ್ತಡ ಅದರ ಮುಖ್ಯ ಕಾರಣಗಳಲ್ಲಿ ಒಂದು.

ಮೆಟ್ಟಿಲಿನ ವಿಷಯಕ್ಕೆ ಇನ್ನೊಂದು ಲೆಕ್ಕ. ನಿಮಿಷಕ್ಕೆ 72 ಬಡಿತ ಎಂದರೆ ಒಂದು ಬಡಿತಕ್ಕೆ ಸುಮಾರು 0.8 ಸೆಕೆಂಡು. ಅದರಲ್ಲಿ ತಳ್ಳಲು 0.3, ತುಂಬಿಕೊಳ್ಳಲು 0.5. ಬಡಿತ 120ಕ್ಕೆ ಏರಿದರೆ ಒಟ್ಟು ಅವಧಿಯೇ ಅರ್ಧ ಸೆಕೆಂಡು. ಕಡಿತ ಬೀಳುವುದು ಹೆಚ್ಚಾಗಿ ತುಂಬಿಕೊಳ್ಳುವ ಸಮಯಕ್ಕೇ. ಮೃದುವಾದ ಹೃದಯ ಅಷ್ಟರಲ್ಲಿಯೂ ತುಂಬಿಕೊಳ್ಳುತ್ತದೆ, ಬಿರುಸಾದದ್ದಕ್ಕೆ ಸಮಯ ಸಾಲದು. ಒಳಗೆ ಹೋಗಲಾರದ ರಕ್ತದ ಒತ್ತಡ ಹಿಂದಕ್ಕೆ, ಎಡ ಹೃತ್ಕರ್ಣಕ್ಕೆ, ಅಲ್ಲಿಂದ ಶ್ವಾಸಕೋಶಕ್ಕೆ ತಟ್ಟುತ್ತದೆ. ಹಾಗೆ ಹಿಗ್ಗಿಹೋದ ಹೃತ್ಕರ್ಣದ ಬಡಿತ ಲಯ ತಪ್ಪಿದರೆ ಅಲ್ಲಿ ರಕ್ತ ಹೆಪ್ಪುಗಟ್ಟಿ ಪಾರ್ಶ್ವವಾಯುವಿಗೆ ದಾರಿಯಾಗಬಹುದು. ಹೊರೆ ಇಳಿಯದೆ ವರ್ಷಗಳು ಕಳೆದರೆ ಕೆಲವರಲ್ಲಿ ದಪ್ಪ ಗೋಡೆಯೂ ಸೋತು, ಹೃದಯ ಜೋತುಬಿದ್ದ ಚೀಲದಂತೆ ಹಿಗ್ಗುತ್ತದೆ. ಆಗ ತಳ್ಳುವ ಶಕ್ತಿಯೂ ಹೋಗುತ್ತದೆ.

ಇಷ್ಟೆಲ್ಲ ನಡೆಯುವಾಗ ಬಹಳ ಕಾಲ ಮನುಷ್ಯನಿಗೆ ಏನೂ ಗೊತ್ತಾಗುವುದಿಲ್ಲ, ದಿನಕ್ಕೆ ಸಾವಿರ ಕಾಯಿ ಸುಲಿಯಲೂ ಆಗುತ್ತದೆ. ಈ ವಾಕ್ಯವನ್ನು ಹೇಳುವಾಗ ಕೊನೆಯ ಬೆಂಚಿನ ಕಡೆ ನೋಡಬಾರದೆಂದು ಮನೆಯಲ್ಲೇ ನಿಶ್ಚಯಿಸಿಕೊಂಡು ಬಂದಿದ್ದೆ. ನೋಡಿದೆ.

ಮಾತ್ರೆ ಮಾಡುವ ಕೆಲಸ

"ಕೊಬ್ರಿ ಆದ್ಮೇಲೆ ಮತ್ತೆ ಎಳನೀರು ಆಗಲ್ವಲ್ಲ ಮಿಸ್" ಎಂದ ಅದೇ ಹುಡುಗ. ಅವನ ಧ್ವನಿ ಮೊದಲ ದಿನದ ಹಾಗಿರಲಿಲ್ಲ.

ಹೋಲಿಕೆಗಳ ಅಪಾಯ ಇದು. ತೆಂಗಿನಕಾಯಿ ಹಿಂದಕ್ಕೆ ಹೋಗಲಾರದು, ಹೃದಯ ಸಾಕಷ್ಟು ಮಟ್ಟಿಗೆ ಹೋಗಬಲ್ಲದು. ಹೋಲಿಕೆಯನ್ನು ಇಲ್ಲಿ ಮುರಿಯದಿದ್ದರೆ ಮಕ್ಕಳು ಮನೆಗೆ ಭಯವನ್ನಷ್ಟೇ ಒಯ್ಯುತ್ತಾರೆ. ಒತ್ತಡ ಇಳಿಸಿ ಇಳಿದಲ್ಲೇ ಇಟ್ಟರೆ ದಪ್ಪವಾದ ಗೋಡೆ ತಿಂಗಳುಗಳಲ್ಲಿ, ವರ್ಷಗಳಲ್ಲಿ ತೆಳುವಾಗುತ್ತಾ ಬರುತ್ತದೆ. ಸ್ನಾಯುಕೋಶಗಳು ಕುಗ್ಗುತ್ತವೆ. ನಡುವೆ ಸೇರಿದ ನಾರು ಮಾತ್ರ ಎಲ್ಲವೂ ಕರಗುವುದಿಲ್ಲ. ಬೇಗ ಶುರುಮಾಡಿದವರಿಗೆ ಲಾಭ ಹೆಚ್ಚು ಎನ್ನುವುದು ಅದಕ್ಕೇ. ಗೋಡೆ ದಪ್ಪವಾಗಿದ್ದ 9193 ರೋಗಿಗಳ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಲೈಫ್ ಎಂಬ ಅಧ್ಯಯನ ಲೊಸಾರ್ಟಾನ್ ಮತ್ತು ಅಟೆನೊಲಾಲ್ ಎಂಬ ಎರಡು ಔಷಧಗಳನ್ನು ಹೋಲಿಸಿತು. ಒತ್ತಡ ಎರಡರಲ್ಲೂ ಸುಮಾರಾಗಿ ಸಮನಾಗಿ ಇಳಿದರೂ ಗೋಡೆಯ ದಪ್ಪ ಲೊಸಾರ್ಟಾನ್ ತೆಗೆದುಕೊಂಡವರಲ್ಲಿ ಹೆಚ್ಚು ಇಳಿಯಿತು. ಚಿಕಿತ್ಸೆಯ ಅವಧಿಯಲ್ಲಿ ಯಾರ ಹೃದಯದ ದಪ್ಪ ಇಳಿಯಿತೋ ಅವರಲ್ಲಿ ಪಾರ್ಶ್ವವಾಯು, ಹೃದಯ ಸಂಬಂಧಿ ಸಾವು ಕಡಿಮೆ ಇದ್ದವು.

ಮಾತ್ರೆಗಳ ಕೆಲಸವನ್ನು ನಮ್ಮ ಪೈಪಿನ ಮೂಲಕವೇ ವಿವರಿಸಿದೆ. ಅಮ್ಲೊಡಿಪಿನ್‌ನಂಥವು ಕಿರು ಅಪಧಮನಿಗಳನ್ನು ಸಡಿಲಿಸುತ್ತವೆ, ಅಂದರೆ ನೀರು ಮುಟ್ಟಬೇಕಾದ ಗೆರೆಯನ್ನೇ ಕೆಳಗೆ ತರುತ್ತವೆ. ಟೆಲ್ಮಿಸಾರ್ಟಾನ್, ಲೊಸಾರ್ಟಾನ್, ಎನಲಾಪ್ರಿಲ್ ಮೊದಲಾದವು ರಕ್ತನಾಳವನ್ನು ಬಿಗಿಮಾಡುವ ಹಾಗೂ ಹೃದಯದಲ್ಲಿ ನಾರು ಬೆಳೆಸುವ ಹಾರ್ಮೋನಿನ ಸರಪಳಿಯನ್ನು ತಡೆಯುತ್ತವೆ. ಮೂತ್ರವರ್ಧಕಗಳು ಉಪ್ಪು, ನೀರನ್ನು ಹೊರಹಾಕುತ್ತವೆ. ಅಟೆನೊಲಾಲ್‌ನ ಜಾತಿಯವು ಬಡಿತವನ್ನು ನಿಧಾನಗೊಳಿಸುತ್ತವೆ, ಇವನ್ನು ಥಟ್ಟನೆ ನಿಲ್ಲಿಸಿದರೆ ಒತ್ತಡ ಪುಟಿದೇಳಬಹುದು. ಅಡ್ಡ ಪರಿಣಾಮಗಳನ್ನೂ ಮುಚ್ಚಿಡಲಿಲ್ಲ. ಅಮ್ಲೊಡಿಪಿನ್‌ನಿಂದ ಕೆಲವರಿಗೆ ಕಣಕಾಲು ಊದುತ್ತದೆ, ಎನಲಾಪ್ರಿಲ್‌ನಿಂದ ಒಣಕೆಮ್ಮು ಬರುತ್ತದೆ. ಹಾಗಾದಾಗ ವೈದ್ಯರು ಮಾತ್ರೆ ಬದಲಿಸುತ್ತಾರೆ. ಅದನ್ನು ಹೇಳಿಕೊಳ್ಳದೆ ಮಾತ್ರೆಯನ್ನೇ ಬಿಡುವವರು ಬಹಳ.

"ನಾರ್ಮಲ್ ಬಂತು, ಬಿಟ್ಟರು" ಎಂಬುದಕ್ಕೆ ಉತ್ತರ ನಾನು ಕೊಡಬೇಕಾಗಲಿಲ್ಲ. "ನೆನೀಲಿಲ್ಲ ಅಂತ ಮಳೇಲೇ ಕೊಡೆ ಮಡಚಿದಂಗೆ" ಎಂದಳು ಬಾಟಲಿ ಹಿಂಡಿದ್ದ ಹುಡುಗಿ.

ಮಾತ್ರೆಗಳೇ ಇಲ್ಲದ ಕಾಲ ಹೇಗಿತ್ತು ಎಂಬುದಕ್ಕೆ ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರ ಉದಾಹರಣೆ ಕೊಟ್ಟೆ. ಸಮಾಜ ವಿಜ್ಞಾನದ ಎರಡನೆಯ ಮಹಾಯುದ್ಧದ ಪಾಠದಿಂದ ಮಕ್ಕಳಿಗೆ ಆ ಹೆಸರು ಗೊತ್ತು. 1941ರಲ್ಲಿಯೇ ಅವರ ಬಿ.ಪಿ. 188/105 ಇತ್ತು. 1944ರ ಮಾರ್ಚಿನಲ್ಲಿ ಹೊವರ್ಡ್ ಬ್ರುಯೆನ್ ಎಂಬ ಹೃದಯತಜ್ಞ ಪರೀಕ್ಷಿಸಿದಾಗ 186/108. ಹೃದಯ ಹಿಗ್ಗಿತ್ತು, ಶ್ವಾಸಕೋಶದಲ್ಲಿ ನೀರು ಸೇರುವ ಲಕ್ಷಣವಿತ್ತು. ಡಿಜಿಟಾಲಿಸ್, ಉಪ್ಪು ಕಡಿತ, ವಿಶ್ರಾಂತಿ, ಸಿಗರೇಟು ಕಡಿತ, ಇಷ್ಟನ್ನು ಕೊಡಲು ಸಾಧ್ಯವಿತ್ತು. ಏದುಸಿರು ಕಡಿಮೆಯಾಯಿತು, ಒತ್ತಡ ಇಳಿಯಲಿಲ್ಲ. 1945ರ ಏಪ್ರಿಲ್ 12ರಂದು ತಲೆನೋವೆಂದು ಕುಸಿದಾಗ ಅಳೆದದ್ದು 300/190. ಮೆದುಳಿನ ರಕ್ತಸ್ರಾವದಿಂದ ತೀರಿಕೊಂಡರು. ಜಗತ್ತಿನ ಅತಿ ಪ್ರಬಲ ಮನುಷ್ಯನಿಗೆ ಸಿಗದಿದ್ದ ಮಾತ್ರೆ ಇವತ್ತು ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ ಸಿಗುತ್ತದೆ. 300ರ ಗೆರೆ ಎಲ್ಲಿ ಬರುತ್ತದೆ ಎಂದು ಮಕ್ಕಳು ಗುಣಿಸಿದರು: 408 ಸೆಂಟಿಮೀಟರ್. ನಮ್ಮ ತರಗತಿಯ ಸೂರಿಗಿಂತ ಮೇಲೆ.

ನಮ್ಮ ದೇಶದ ಕೊಂಡಿಯೂ ಇದೆ. ಸರ್ಪಗಂಧದ ಬೇರು ಬಿ.ಪಿ. ಇಳಿಸುತ್ತದೆ ಎಂಬುದನ್ನು ಮುಂಬಯಿಯ ವೈದ್ಯ ರುಸ್ತುಂ ಜಾಲ್ ವಕೀಲ್ 1949ರಲ್ಲಿ ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಬರೆದಾಗ ಹೊರಜಗತ್ತು ಗಮನಿಸಿತು. 1952ರಲ್ಲಿ ಅದರಿಂದ ರೆಸರ್ಪಿನ್ ಬೇರ್ಪಡಿಸಿದರು. ಅಮೆರಿಕದ ಎಡ್ವರ್ಡ್ ಫ್ರೈಸ್ ನೇತೃತ್ವದಲ್ಲಿ 143 ನಿವೃತ್ತ ಸೈನಿಕರ ಮೇಲೆ ನಡೆದು 1967ರಲ್ಲಿ ಪ್ರಕಟವಾದ ಅಧ್ಯಯನ, ತೀವ್ರ ಬಿ.ಪಿ. ಇಳಿಸಿದರೆ ಅನಾಹುತಗಳು ನಿಜವಾಗಿಯೂ ತಪ್ಪುತ್ತವೆ ಎಂದು ತೋರಿಸಿತು. ಅದರಲ್ಲಿ ಬಳಸಿದ ಮೂರು ಔಷಧಗಳಲ್ಲಿ ರೆಸರ್ಪಿನ್ ಒಂದು. ಈಗ ಅದರ ಬಳಕೆ ಬಹಳ ಕಡಿಮೆ, ಖಿನ್ನತೆ ತರುತ್ತದೆಂಬ ಕಾರಣಕ್ಕೆ. ಮನೆಯಲ್ಲಿ ಬೇರು ಅರೆದು ಕುಡಿಯುವ ಪ್ರಯೋಗ ಬೇಡವೆಂದು ಹೇಳಿಯೇ ಈ ಕಥೆ ಹೇಳಬೇಕು.

"ಹಂಗಾದ್ರೆ ಎಷ್ಟು ಕಮ್ಮಿ ಆದ್ರೆ ಅಷ್ಟು ಒಳ್ಳೇದಾ?" ಎಂದು ಇನ್ನೊಬ್ಬ ಕೇಳಿದ. 2015ರ ಸ್ಪ್ರಿಂಟ್ ಅಧ್ಯಯನದಲ್ಲಿ ಮೇಲಿನ ಅಂಕಿಯನ್ನು 140ರ ಬದಲು 120ಕ್ಕಿಂತ ಕೆಳಗೆ ಇಳಿಸಲು ಗುರಿಯಿಟ್ಟವರಲ್ಲಿ ಹೃದಯ ವೈಫಲ್ಯ ಕಡಿಮೆಯಾಯಿತು, ಆದರೆ ತಲೆಸುತ್ತಿ ಬೀಳುವುದು, ಮೂತ್ರಪಿಂಡದ ತೊಂದರೆ ಹೆಚ್ಚಾದವು. ಹೃದಯದ ಎಡಭಾಗದ ಸ್ನಾಯುವಿಗೆ ರಕ್ತ ಸಿಗುವುದು ಹೆಚ್ಚಾಗಿ ಹೃದಯ ಸಡಿಲಗೊಂಡಾಗ, ಅಂದರೆ ಕೆಳಗಿನ ಅಂಕಿಯ ಒತ್ತಡದಿಂದ. ಅದು ತೀರ ಇಳಿದರೂ ಕಷ್ಟ. ಯಾರಿಗೆ ಎಷ್ಟು ಎಂಬುದನ್ನು ವೈದ್ಯರು ನೋಡುತ್ತಾರೆ ಎಂದು ಮುಗಿಸಿದೆ.

ಕೈಬಿಟ್ಟ ಗೃಹಪಾಠ

ನನ್ನ ಯೋಜನೆಯಲ್ಲಿ ಗೃಹಪಾಠ ಹೀಗಿತ್ತು: ನಿಮ್ಮ ಮನೆಯಲ್ಲಿ ಯಾರಿಗೆ ಬಿ.ಪಿ. ಇದೆ, ಯಾವ ಮಾತ್ರೆ, ಪಟ್ಟಿ ಮಾಡಿಕೊಂಡು ಬನ್ನಿ. ಮಾರ್ಗದರ್ಶಕ ಶಿಕ್ಷಕಿಯವರು ಅದರ ಮೇಲೆ ಕೆಂಪು ಗೆರೆ ಎಳೆದರು. ಮನೆಯವರ ಕಾಯಿಲೆ ಮಕ್ಕಳ ನೋಟುಪುಸ್ತಕದಲ್ಲಿ ಊರೆಲ್ಲ ಸುತ್ತಬಾರದು ಎಂಬುದು ಅವರ ಮಾತು. ಮೊದಲು ನನಗೆ ಸರಿ ಕಾಣಲಿಲ್ಲ, ಈಗ ಕಾಣುತ್ತದೆ. ಬದಲಿಗೆ ಉಪ್ಪಿನ ಲೆಕ್ಕ ಕೊಟ್ಟೆ. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ ಒಬ್ಬರಿಗೆ 5 ಗ್ರಾಂಗಿಂತ ಕಡಿಮೆ ಉಪ್ಪು ಎನ್ನುತ್ತದೆ. ಮನೆಗೆ ತಿಂಗಳಿಗೆ ಎಷ್ಟು ಪ್ಯಾಕೆಟ್ ಉಪ್ಪು ಬರುತ್ತದೆ, ಊಟಕ್ಕೆ ಕೂರುವವರು ಎಷ್ಟು, ಭಾಗಿಸಿ ನೋಡಿ. ಉಪ್ಪಿನಕಾಯಿ, ಹಪ್ಪಳ, ಬಾಳಕದ ಮೆಣಸಿನಕಾಯಿ ಅಂಗಡಿಯಿಂದ ಬಂದರೆ ಅದು ಈ ಲೆಕ್ಕದ ಹೊರಗೆ. ಈ ಗೃಹಪಾಠವನ್ನು ಎಲ್ಲರೂ ಮಾಡಿಕೊಂಡು ಬಂದರು, ಅಮ್ಮಂದಿರು ಬೈದರೆಂಬ ದೂರಿನ ಸಮೇತ.

ಮೌಲ್ಯಮಾಪನಕ್ಕೆ ಒಂದೇ ಪ್ರಶ್ನೆ ಇಟ್ಟೆ: ದಪ್ಪ ಗೋಡೆಯ ಹೃದಯ ಯಾಕೆ ಕಡಿಮೆ ರಕ್ತ ಕೊಡುತ್ತದೆ? 38 ಮಕ್ಕಳಲ್ಲಿ 27 ಮಂದಿ ತುಂಬಿಕೊಳ್ಳುವ ವಿಷಯ ಬರೆದರು. ಏಳು ಮಂದಿ 'ದಪ್ಪವಾದ್ದರಿಂದ ಶಕ್ತಿ ಕಡಿಮೆ' ಎಂದು ಬರೆದಿದ್ದರು. ಬಾಟಲಿಯನ್ನು ಒಬ್ಬಳೇ ಹಿಂಡಿದ್ದು ತಪ್ಪಾಯಿತು, ನಾಲ್ಕು ಬಾಟಲಿ ಮಾಡಿ ಗುಂಪುಗಳಿಗೆ ಕೊಡಬೇಕಿತ್ತು.

ಅಭ್ಯಾಸ ಬೋಧನೆಯ ಕೊನೆಯ ದಿನ ಆ ಹುಡುಗ ಸಿಬ್ಬಂದಿ ಕೊಠಡಿಯ ಬಾಗಿಲಲ್ಲಿ ನಿಂತಿದ್ದ. ಅಪ್ಪ ಇನ್ನೂ ಆಸ್ಪತ್ರೆಗೆ ಹೋಗಿಲ್ಲವಂತೆ. ಸಂತೆಯ ದಿನ ಹೋಗುತ್ತಾರಂತೆ. "ಹಳೇ ಮಾತ್ರೆ ಅಟ್ಟೆ ಮೇಲೈತೆ, ಅದನ್ನೇ ತಗೊಳ್ಳಿ ಅಂತ ಹೇಳ್ಲಾ ಮಿಸ್?" ಎಂದು ಕೇಳಿದ. ಬೇಡ, ಮೊದಲು ಅಳೆಸಲಿ, ಯಾವ ಮಾತ್ರೆ ಎಂದು ಡಾಕ್ಟರೇ ಹೇಳಲಿ ಎಂದೆ. ಅಪ್ಪನಿಗೆ ತೋರಿಸಲು ಏನಾದರೂ ಬರೆದುಕೊಡಿ ಎಂದ. ಅವನ ನೋಟುಪುಸ್ತಕದ ಕೊನೆಯ ಹಾಳೆಯಲ್ಲಿ, ಡಾಕ್ಟರ ಹತ್ತಿರ ಕೇಳಬೇಕಾದ ಮೂರು ಪ್ರಶ್ನೆ ಬರೆದೆ: ಈಗ ನನ್ನ ಬಿ.ಪಿ. ಎಷ್ಟಿದೆ? ಹೃದಯದ ಗೋಡೆ ದಪ್ಪವಾಗಿದೆಯೇ ಎಂದು ಇ.ಸಿ.ಜಿ. ಅಥವಾ ಎಕೋ ಮಾಡಿ ನೋಡಬೇಕೆ? ಮಾತ್ರೆಯಿಂದ ತೊಂದರೆಯಾದರೆ ಬಿಡುವ ಮೊದಲು ಯಾರನ್ನು ಕೇಳಲಿ? ಅವನು ಅಲ್ಲೇ ನಿಂತು ಒಮ್ಮೆ ಓದಿದ. ಆಮೇಲೆ ಪೆನ್ನು ಇಸಿದುಕೊಂಡು, ಮೇಲುಗಡೆ ತಾನೇ 163, 218 ಎಂದು ಎರಡು ಅಂಕಿ ಬರೆದುಕೊಂಡು ಹೋದ.